ಹರಕೆ ಅಪ್ಪನದು, ತಪ್ಪು ಮಗಳದೇ?

ಪ್ರಶ್ನೆ: ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 11ನೇ ಅಧ್ಯಾಯದಲ್ಲಿ ಇಸ್ರಾಯೇಲಿನ ನಾಯಕ ಯೆಫ್ತಾಹನು ಅಮ್ಮೋನಿಯರ ಮೇಲೆ ಗೆದ್ದರೆ ಮನೆ ಬಾಗಿಲಿಂದ ಎದುರು ಬಂದವರನ್ನು ಸರ್ವಾಂಗಹೋಮವಾಗಿ, ಅಂದರೆ ಪೂರ್ತಿ ಸುಡುವ ಬಲಿಯಾಗಿ, ಅರ್ಪಿಸುತ್ತೇನೆಂದು ಹರಕೆ ಹೊರುತ್ತಾನೆ. ದಮ್ಮಡಿ ಬಡಿಯುತ್ತಾ ಬಂದವಳು ಅವನ ಒಬ್ಬಳೇ ಮಗಳು. ಬೈಬಲ್ ತರಗತಿಯಲ್ಲಿ ಅವಳನ್ನು ವಿಧೇಯತೆಗೆ ಮಾದರಿ ಎಂದರು. ನನಗೆ ಒಪ್ಪಲಾಗಲಿಲ್ಲ. ಅವಳನ್ನು ನಿಜವಾಗಿ ಕೊಂದನೇ?

ಉತ್ತರ: 39ನೇ ವಚನ ಹರಕೆಯಂತೆ ಮಾಡಿದನು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕೊಂದನೆಂದೇ ಹೆಚ್ಚಿನವರು ಓದುತ್ತಾರೆ, ನಾನೂ ಹಾಗೇ. ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ ಮಾತ್ರ 31ನೇ ವಚನದ ಹೀಬ್ರೂ 'ವ' ಅಕ್ಷರಕ್ಕೆ 'ಮತ್ತು' ಅನ್ನದೆ 'ಅಥವಾ' ಎಂದ: ಎದುರು ಬಂದದ್ದು ದೇವರ ಸೊತ್ತಾಗುವುದು, ಅಥವಾ ಬಲಿಗೆ ತಕ್ಕದ್ದಾದರೆ ಹೋಮವಾಗುವುದು. ಹಾಗಾಗಿ ಮಗಳು ಸಾಯಲಿಲ್ಲ, ಮದುವೆಯಿಲ್ಲದೆ ಒಂಟಿಯಾಗಿ ಉಳಿದಳು. ವ್ಯಾಕರಣ ಅಡ್ಡಿ ಮಾಡುವುದಿಲ್ಲ. ಆದರೆ ಈ ಓದಿನಲ್ಲಿ ಮಗಳಿಗಿಂತ ಹೆಚ್ಚಾಗಿ ಬಚಾವಾದವನು ಅಪ್ಪನೇ ಅನಿಸುತ್ತದೆ.

ಹಳೆಯ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಇಷ್ಟು ದಾಕ್ಷಿಣ್ಯ ತೋರಲಿಲ್ಲ. ಅವರ ವ್ಯಾಖ್ಯಾನ ಸಂಗ್ರಹವಾದ ಮಿದ್ರಾಷ್‌ನಲ್ಲಿ ಬರುವಂತೆ, ಹರಕೆಯನ್ನು ಬಿಡಿಸಲು ಯಾಜಕ ಫೀನೆಹಾಸನಿದ್ದ. ದೊಡ್ಡ ಯಾಜಕ ನಾನು, ಆ ಅರಿವುಗೇಡಿಯ ಬಳಿ ಹೋಗಲೇ ಎಂದು ಅವನು. ಇಸ್ರಾಯೇಲಿನ ನಾಯಕ ನಾನು, ಅವನ ಬಳಿ ಹೋಗಲೇ ಎಂದು ಯೆಫ್ತಾಹ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತೇವಲ್ಲ, ಇಲ್ಲಿ ಕೂಸು ಸತ್ತೇಹೋಯಿತು. ಇಬ್ಬರಿಗೂ ಶಿಕ್ಷೆಯಾಯಿತೆಂದು ರಬ್ಬಿಗಳು ಬರೆದರು.

ಈಗ ವಿಧೇಯತೆಗೆ ಬರೋಣ. 35ನೇ ವಚನದಲ್ಲಿ ಅಪ್ಪ ಬಟ್ಟೆ ಹರಿದುಕೊಳ್ಳುತ್ತಾನೆ, ಸರಿ. ಆದರೆ ಬಾಯಲ್ಲಿ ಬರುವುದು 'ನನ್ನನ್ನು ಕುಗ್ಗಿಸಿಬಿಟ್ಟೆ' ಎಂಬ ದೂರು. ಹರಕೆ ಹೊತ್ತವನು ತಾನು, ತಪ್ಪು ಅವಳದು! ಬಾಯಿಂದ ಹೊರಟಂತೆ ಮಾಡು ಎಂದು ಅವಳು ಹೇಳುವುದು ನಿಜ. ನಿಮ್ಮ ತರಗತಿ ಅಲ್ಲಿಗೇ ನಿಂತಿರಬೇಕು. ಮುಂದಿನ ವಚನದಲ್ಲಿ ಅವಳು ಎರಡು ತಿಂಗಳು ಕೇಳುತ್ತಾಳೆ, ಅದೂ ಅಪ್ಪನ ಮನೆಯಲ್ಲಿ ಕಳೆಯಲು ಅಲ್ಲ, ಗೆಳತಿಯರೊಡನೆ ಬೆಟ್ಟಗಳಲ್ಲಿ ಅಲೆದು ಅಳಲು. ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಕೊಡಲು ಕತ್ತಿ ಎತ್ತಿದಾಗ ದೇವದೂತ ಕೂಗಿದ, ಟಗರು ಸಿಕ್ಕಿತು. ಇಲ್ಲಿ ಯಾರ ದನಿಯೂ ಇಲ್ಲ. ಕಥೆ ಅವಳಿಗೆ ಹೆಸರನ್ನೂ ಕೊಟ್ಟಿಲ್ಲ.

ಆದರೂ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಹೋಗುತ್ತಿದ್ದರು. ಏನು ಮಾಡಲು? ಅಲ್ಲಿರುವ ಹೀಬ್ರೂ ಕ್ರಿಯಾಪದ 'ತನ್ನೋತ್'. ಹಲವು ಅನುವಾದಗಳು ಅದನ್ನು 'ಗೋಳಾಡಲು' ಎಂದಿವೆ. ಅದೇ ಧಾತು ಇದೇ ಪುಸ್ತಕದ 5ನೇ ಅಧ್ಯಾಯದಲ್ಲಿ, ಪ್ರವಾದಿನಿ ದೆಬೋರಳ ಹಾಡಿನಲ್ಲಿ, ಬಂದಾಗ ಅರ್ಥ 'ಮತ್ತೆ ಮತ್ತೆ ಹೇಳು' ಎಂದು. ಮುಂದಿನ ತರಗತಿಯಲ್ಲಿ 40ನೇ ವಚನವನ್ನು ಹೀಗೂ ಓದಬಹುದೇ ಎಂದು ಕೇಳಿ ನೋಡಿ.