ಕೊಡಗಿನ ಹಳ್ಳಿ ಪ್ರೌಢಶಾಲೆಯಲ್ಲಿ ವಿಜ್ಞಾನ ಸಂಘ ಕಟ್ಟಬೇಕು, ಪ್ರಯೋಗಾಲಯವಿಲ್ಲ. ಎಲ್ಲಿಂದ ಶುರು ಮಾಡಲಿ?

ಬಳ್ಳಾರಿ ಕಡೆಯಿಂದ ವರ್ಗವಾಗಿ ಸೋಮವಾರಪೇಟೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗೆ ಬಂದಿದ್ದೀರಿ, ಪ್ರಯೋಗಾಲಯ ಎಂದು ಬೋರ್ಡಿರುವ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇದೆ, ಮಕ್ಕಳಿಗೆ ಪಠ್ಯದ ಆಚೆಗೆ ಏನಾದರೂ ಮಾಡಿಸಬೇಕು, ಊರಿನವರನ್ನೂ ಸೇರಿಸಿಕೊಳ್ಳಬೇಕು, ಆದರೆ ಹಾಳು ಮಳೆ ಬಿಡುತ್ತಲೇ ಇಲ್ಲ ಎಂದು ಬರೆದಿದ್ದೀರಿ. ನಾನು ಇದೇ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಹಾಳು ಮಳೆ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡಿ.

ಇಲ್ಲಿ ತೋಟವಿರುವ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಬಹಳ ಹಳೆಯದು. ಅಂಗಳದ ಮೂಲೆಯಲ್ಲಿ ಮಳೆಮಾಪಕ, ಒಳಗೆ ಗೋಡೆಯ ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ಅಥವಾ ಒಂದು ಡೈರಿ. ಲೆಕ್ಕ ಇಂಚು ಮತ್ತು ಸೆಂಟ್‌ಗಳಲ್ಲಿ. ಅಂಗಡಿ ಜಗಲಿಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಯೋಗಕ್ಷೇಮಕ್ಕಿಂತ ಮೊದಲು ಬರುವ ಮಾತು ‘ನಿಮ್ಮಲ್ಲಿ ಎಷ್ಟು ಬಂತು?’. ಇಂಚಿನ ನೂರನೆಯ ಒಂದು ಪಾಲು ಒಂದು ಸೆಂಟ್. ಪಠ್ಯಪುಸ್ತಕದಲ್ಲಿ ಮಿಲಿಮೀಟರ್, ಮನೆಯಲ್ಲಿ ಸೆಂಟ್. 1 ಇಂಚು ಎಂದರೆ 25.4 ಮಿ.ಮೀ. ಎಂಬ ಒಂದೇ ಸಾಲಿನಿಂದ ಎಂಟನೇ ತರಗತಿಗೆ ಒಂದು ವಾರದ ಕೆಲಸ ಸಿಗುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಶಾಲೆಯ ಚಾವಣಿ ಸುಮಾರು 200 ಚದರ ಮೀಟರ್ ಇತ್ತು. ಒಂದು ಇಂಚು ಮಳೆಗೆ ಅದರಿಂದ ಐದು ಸಾವಿರ ಲೀಟರ್‌ಗೂ ಹೆಚ್ಚು ನೀರು ಇಳಿಯುತ್ತದೆ ಎಂದಾಗ ಮಕ್ಕಳು ನಂಬಲಿಲ್ಲ, ಮತ್ತೊಮ್ಮೆ ಗುಣಿಸಿದರು. ಅದೇ ಶಾಲೆಗೆ ಮಾರ್ಚ್ ತಿಂಗಳಲ್ಲಿ ಕೈತೊಳೆಯಲು ನೀರಿರುತ್ತಿರಲಿಲ್ಲ.

ಮಾಪಕಕ್ಕೆ ಕಾಸು ಖರ್ಚು ಮಾಡಬೇಡಿ. ನೆಟ್ಟಗಿರುವ ಎರಡು ಲೀಟರ್‌ನ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ತಲೆಕೆಳಗಾಗಿ ಆಲಿಕೆಯಂತೆ ಅದರೊಳಗೇ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಅದನ್ನು ಸಿಮೆಂಟಿನಿಂದ ಸಮ ಮಾಡಿ, ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿ. ಮರ, ಸೂರು ಯಾವುದೂ ಹತ್ತಿರವಿರಬಾರದು. ಬೆಳಿಗ್ಗೆ ಎಂಟೂವರೆಗೆ ಓದಿ. ಹವಾಮಾನ ಇಲಾಖೆ ಓದುವುದೂ ಅದೇ ಹೊತ್ತಿಗೆ, ಆಗ ಹೋಲಿಸಲು ಬರುತ್ತದೆ. ನಮ್ಮ ಮೊದಲ ಬಾಟಲಿ ಆಷಾಢದ ಒಂದೇ ರಾತ್ರಿಗೆ ತುಂಬಿ ಹರಿಯಿತು. ಆಮೇಲೆ ಅದನ್ನು ಒಂದು ಖಾಲಿ ಪೇಂಟ್ ಡಬ್ಬಿಯೊಳಗೆ ಇಟ್ಟೆವು, ಚೆಲ್ಲಿದ್ದು ಅದರಲ್ಲಿ ನಿಲ್ಲುತ್ತದೆ; ಅಂಥ ದಿನ ಎರಡರ ನೀರನ್ನೂ ಸೇರಿಸಿ ಅಳೆದು, ಡಬ್ಬಿಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಬೇಕು.

ದೊಡ್ಡ ತೊಡಕು ನಿಮಗೆ ಜುಲೈನಲ್ಲಿ ಎದುರಾಗುತ್ತದೆ. ಮಳೆ ಜೋರಾದರೆ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಡುತ್ತದೆ. ಅಂದರೆ ಅಳೆಯಲೇಬೇಕಾದ ದಿನ ಅಳೆಯುವವರು ಮನೆಯಲ್ಲಿ! ನಮ್ಮ ಪುಸ್ತಕದಲ್ಲಿ ಮೊದಲ ವರ್ಷ ಸಣ್ಣ ಮಳೆಗಳೆಲ್ಲ ಇದ್ದವು, ದೊಡ್ಡವು ಒಂದೂ ಇರಲಿಲ್ಲ. ಶಾಲೆಯ ಬೇಲಿಗೆ ತಾಗಿಕೊಂಡೇ ಮನೆಯಿದ್ದ ಅಡುಗೆಯಕ್ಕ ಆಗ ನಮ್ಮ ಕೈ ಹಿಡಿದರು. ಮಾಪಕ ಅವರ ಅಂಗಳಕ್ಕೆ ಹೋಯಿತು. ಏಳನೇ ತರಗತಿಗೆ ಓದು ಬಿಟ್ಟವರು ಐದು ವರ್ಷ ಒಂದು ದಿನವೂ ತಪ್ಪಿಸದೆ ಬರೆದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ವಾರದ ಅಂಕಿಗಳು ನಮ್ಮಲ್ಲಿರುವುದು ಅವರ ದುಂಡಗಿನ ಅಕ್ಷರದಲ್ಲಿ. ಆ ವಾರದ ಬಳಿಕ ನಮ್ಮ ಪುಸ್ತಕ ಕೇಳಿಕೊಂಡು ಊರಿನವರೇ ಶಾಲೆಗೆ ಬರತೊಡಗಿದರು. ಅಲ್ಲಿಯವರೆಗೆ ನಮ್ಮ ವಿಜ್ಞಾನ ಸಂಘ ಅವರ ಪಾಲಿಗೆ ಆಗಸ್ಟ್ ಹದಿನೈದರ ಭಾಷಣದಲ್ಲಿ ಬರುವ ಒಂದು ಹೆಸರು, ಅಷ್ಟೆ.

ಇನ್ನೊಂದು ಘಟನೆ ಹೇಳಬೇಕು. ಭಾನುವಾರಗಳ ಹೊಣೆ ಹೊತ್ತಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ತಿಂಗಳು ಅಂದಾಜಿನಲ್ಲೇ ಬರೆದುಬಿಟ್ಟಿದ್ದ. 22, 24, 21, 23. ನನಗೆ ಅನುಮಾನ ಬರಲಿಲ್ಲ. ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ತಮ್ಮ ಡೈರಿಯನ್ನು ನಮ್ಮ ಪುಸ್ತಕದ ಪಕ್ಕ ಇಟ್ಟುಕೊಂಡು ನೋಡುತ್ತಾ, ‘ಮೇಷ್ಟ್ರೇ, ಈ ಭಾನುವಾರ ನಮ್ಮಲ್ಲಿ ಸೊನ್ನೆ. ಅಂದು ಬಿಸಿಲು ಬಂದಿತ್ತು, ಲೈನ್ ಮನೆಯ ಕೆಲಸದವರೆಲ್ಲ ಕಂಬಳಿ ಒಣಗಿಸಿದ್ದರು’ ಎಂದರು. ಹುಡುಗ ತಲೆ ತಗ್ಗಿಸಿದ. ಬೈಯಲಿಲ್ಲ. ಬೈದರೆ ಮುಂದಿನ ಸಲ ಇನ್ನೂ ಜಾಣತನದಿಂದ ಬರೆಯುತ್ತಾನೆ. ಅಳೆಯದ ದಿನ ಅಡ್ಡಗೆರೆ ಹಾಕಬೇಕು, ಅಡ್ಡಗೆರೆಗೆ ಯಾರೂ ಬೈಯುವಂತಿಲ್ಲ ಎಂದು ಪುಸ್ತಕದ ಮೊದಲ ಪುಟದಲ್ಲಿ ಅವನ ಕೈಯಲ್ಲೇ ಬರೆಸಿದೆ. ನಿಮ್ಮ ಸಂಘಕ್ಕೂ ಈ ನಿಯಮವನ್ನು ಮೊದಲ ದಿನವೇ ಹಾಕಿ. ಪ್ರದರ್ಶನಕ್ಕೆಂದು ಅಂಕಿ ಹುಟ್ಟಿಸುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು.

ಪ್ರಯೋಗಾಲಯವಿಲ್ಲ ಎಂಬ ಮಾತಿಗೆ ಬರುತ್ತೇನೆ. ಹತ್ತನೇ ತರಗತಿಯ ಮೊದಲ ಪಾಠದಲ್ಲೇ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡುವ ಚಟುವಟಿಕೆ ಇದೆ. ನಾನು ಬೀಕರ್ ಹಿಡಿದು ನಿಂತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ಇದು ಮೈಲುತುತ್ತ ಅಲ್ಲವೇ? ನಮ್ಮಪ್ಪ ಕತ್ತಿ ಅದ್ದಿ ನೋಡುತ್ತಾರೆ’ ಎಂದಳು. ಅವಳ ಅಪ್ಪ ತೋಟದಲ್ಲಿ ಮದ್ದು ಹೊಡೆಯುವ ಕೆಲಸದವರು. ಮುಂಗಾರಿಗೆ ಮುಂಚೆ ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಂತೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರ ತಯಾರಿ ಅವರದು. ಮರುವಾರ ಅವರನ್ನು ತರಗತಿಗೆ ಕರೆಸಿದೆ. ಬಂದವರು ಗಂಬೂಟು ಕೆಸರಾಗಿದೆಯೆಂದು ಹೊಸಲಿನ ಆಚೆಯೇ ನಿಂತರು. ಕೊನೆಗೆ ನಾವೇ ಜಗಲಿಗೆ ಹೋದೆವು.

ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಾವು ಹತ್ತು ಹತ್ತು ಗ್ರಾಂ ತೂಗಿ ಒಂದು ಲೀಟರ್‌ಗೆ ಮಾಡಿದೆವು. ಎರಡನ್ನೂ ಅರ್ಧರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಮೂರನೆಯ ಪ್ಲಾಸ್ಟಿಕ್ ಬಕೆಟ್ಟಿಗೆ ಒಟ್ಟಿಗೆ ಸುರಿಯಬೇಕು; ಕಬ್ಬಿಣದ ಪಾತ್ರೆ ಕೂಡದು. ಅವರು ಬೇಕೆಂದೇ ಸುಣ್ಣವನ್ನು ಕಡಿಮೆ ಹಾಕಿದರು. ಕತ್ತಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ತಿಳಿನೀಲಿ ನೀರಿನಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು ಎತ್ತಿದರು. ಅದ್ದಿದ ಭಾಗದಲ್ಲಿ ಹೊಸ ತಾಮ್ರದ ಚೊಂಬಿನಂತಹ ಕೆಂಪು. ‘ಕೆಂಪು ಬಂದರೆ ಸುಣ್ಣ ಸಾಲದು. ಹೀಗೆಯೇ ಹೊಡೆದರೆ ಎಲೆ ಸುಡುತ್ತದೆ’ ಎಂದರು. ಸುಣ್ಣದ ನೀರು ಸೇರಿಸಿ, ಕತ್ತಿಯನ್ನು ಮತ್ತೆ ಉಜ್ಜಿ ಅದ್ದಿದಾಗ ಏನೂ ಅಂಟಲಿಲ್ಲ. ನಾನು ಕರಿಹಲಗೆಯ ಮೇಲೆ ಸಮೀಕರಣ ಬರೆದು ಸ್ಥಾನಪಲ್ಲಟ ಕ್ರಿಯೆ ಎಂದೆ. ಅವರು ಕಿಟಕಿಯಿಂದ ಅದನ್ನೇ ನೋಡುತ್ತಿದ್ದು, ‘ತಾಮ್ರ ಕತ್ತಿಗೆ ಬಂತು, ಸರಿ. ಹಾಗಾದರೆ ಕತ್ತಿಯ ಕಬ್ಬಿಣ ಎಲ್ಲಿಗೆ ಹೋಯಿತು?’ ಎಂದು ಕೇಳಿದರು. ಇಪ್ಪತ್ತಾರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕಬ್ಬಿಣ ನೀರಿಗೆ ಹೋಯಿತು ಎಂದು ಅವರ ಮಗಳೇ ಉತ್ತರ ಕೊಟ್ಟಳು.

ಹೀಗೆ ಹುಡುಕಿದರೆ ಅಡುಗೆಮನೆಯಲ್ಲೂ ಸಿಗುತ್ತದೆ. ಹಂದಿ ಸಾರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯಲ್ಲಿ ನೀಲಿ ಲಿಟ್ಮಸ್ ಅದ್ದಿಸಿ. ಕಪ್ಪು ಕಲೆಯಲ್ಲಿ ಬಣ್ಣವೇ ಕಾಣುವುದಿಲ್ಲ. ಒಂದು ಹನಿಯನ್ನು ಒಂದು ಲೋಟ ನೀರಿಗೆ ಹಾಕಿ ನೋಡೋಣ ಎಂಬುದನ್ನು ನೀವು ಹೇಳಬೇಡಿ, ಅವರಿಗೇ ಹೊಳೆಯಲಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟಾಗ ಒಂದು ರೋಬಸ್ಟಾ ಗಿಡದ ಮುಂದೆ ಹತ್ತು ನಿಮಿಷ ಕೂತು ಬಂದ ಜೇನುಗಳನ್ನು ಎಣಿಸಲು ಹೇಳಿ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅರೇಬಿಕಾ ಕಟ್ಟುತ್ತದೆ. ಹಾಗಾಗಿ ಈ ಎಣಿಕೆಯಲ್ಲಿ ಮನೆಯವರಿಗೂ ಆಸಕ್ತಿ ಇರುತ್ತದೆ. ಹೂ ಇರುವುದು ಎರಡು ಮೂರು ದಿನ ಮಾತ್ರ. ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬಿಸಿ, ಆದ್ದರಿಂದ ಎಂಟು, ಒಂಬತ್ತರವರನ್ನಷ್ಟೇ ಕರೆದುಕೊಂಡು ಹೋಗಿ. ಹಕ್ಕಿ ನೋಡಲು ನಸುಕಿನ ಹೊತ್ತು ಒಳ್ಳೆಯದು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ತೋಟದ ದಾರಿಗಳಲ್ಲಿ ಆ ಹೊತ್ತು ಆನೆಯದು. ಎಂಟು ಗಂಟೆಯ ನಂತರ, ಊರಿನ ಒಬ್ಬರನ್ನು ಜೊತೆಗಿಟ್ಟುಕೊಂಡೇ ಹೊರಡಿ.

ಇನ್ನು ನಾನು ಕೈ ಸುಟ್ಟುಕೊಂಡ ಕಥೆ. ಒಂದು ವರ್ಷ ಕುಡಿಯುವ ನೀರು ಪರೀಕ್ಷಿಸುವ ಪುಟ್ಟ ಬಾಟಲಿಗಳು ಸಿಕ್ಕವು. ಗುರುತಿನವರೆಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ ಒಂದೆರಡು ದಿನದಲ್ಲಿ, ಮಲದ ಬ್ಯಾಕ್ಟೀರಿಯಾ ಇದ್ದ ನೀರು ಕಪ್ಪಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಎಲ್ಲಿ? ಬಿಸಿಯೂಟದ ಒಲೆಯ ಹಿಂದಿನ ಗೋಡೆಯ ಬಳಿ, ಪಾತ್ರೆಗಳಿಂದ ದೂರ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆವು. ಹನ್ನೆರಡು ಬಾವಿಗಳಲ್ಲಿ ಐದರ ನೀರು ಮಸಿಯಾಯಿತು. ನಾನು ಹೆಮ್ಮೆಯಿಂದ ಮನೆ ಹೆಸರಿನ ಸಮೇತ ಪಟ್ಟಿ ಮಾಡಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದೆ. ಮಾರನೆಯ ದಿನ ಹೋಂಸ್ಟೇ ನಡೆಸುವವರೊಬ್ಬರು ಬಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಿಂತು ಕೂಗಾಡಿದರು. ಅವರ ಮಗಳು ಅದೇ ಸಂಘದಲ್ಲಿದ್ದಳು. ಸ್ವಂತ ಬಾವಿಯ ನೀರನ್ನು ತಾನೇ ತುಂಬಿಸಿ ತಂದಿದ್ದಳು. ಎರಡು ವಾರ ಅವಳು ನನ್ನ ಮುಖ ನೋಡಲಿಲ್ಲ. ತಪ್ಪು ಪೂರ್ತಿ ನನ್ನದೇ.

ಪಟ್ಟಿ ಕಿತ್ತೆ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಐದೂ ಮನೆಗಳಿಗೆ ಒಂದೊಂದಾಗಿ ಹೋದೆವು. ಗಣಿತದ ಮೇಷ್ಟರೂ ಬಂದರು. ಮಕ್ಕಳು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ನೀರಿನ ಆಳ ಅಳೆದರು, ವ್ಯಾಸ ಅಳೆದರು. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಎಂದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪುಡಿಯಂತೆ ಸುಮಾರು 24 ಗ್ರಾಂ ಬೇಕು. ರಾತ್ರಿ ಹಾಕಿಸಿ, ಬೆಳಿಗ್ಗೆ ನೀರು ಸೇದಿಸಿದೆವು. ಸಿಲಿಂಡರಿನ ಘನಫಲ ಆ ವರ್ಷ ಯಾರಿಗೂ ಮರೆಯಲಿಲ್ಲ. ಮರುಪರೀಕ್ಷೆಯಲ್ಲಿ ಮೂರು ತಿಳಿಯಾದವು, ಎರಡು ಆಗಲಿಲ್ಲ. ಎರಡಕ್ಕೂ ಮೇಲ್ಬದಿಯಲ್ಲಿ ಶೌಚದ ಗುಂಡಿಯಿತ್ತು. ಹೋಂಸ್ಟೇಯವರು ಮುಂದಿನ ಬೇಸಿಗೆಯಲ್ಲಿ ತಾವಾಗಿಯೇ ಬಾಟಲಿ ಕೇಳಿದರು. ಕಪ್ಪಾದ ಬಾಟಲಿಯ ಮುಚ್ಚಳವನ್ನು ಮಕ್ಕಳು ತೆರೆಯದಂತೆ ನೋಡಿಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆ ಒಂದು ಕಡೆಗಿರಲಿ, ಅದರೊಳಗೆ ಇರುವುದು ನಾವೇ ಬೆಳೆಸಿದ ರೋಗಾಣು.

ಸ್ಪರ್ಧೆಗಳ ಬಗ್ಗೆಯೂ ಕೇಳಿದ್ದೀರಿ. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶ ನನಗೆ ಇಷ್ಟ, ಏಕೆಂದರೆ ಅದು ಮಾದರಿ ಕೇಳುವುದಿಲ್ಲ, ಊರಿನದೇ ಒಂದು ಸಮಸ್ಯೆಯ ಅಧ್ಯಯನ ಕೇಳುತ್ತದೆ. ನಮ್ಮ ರಾಜ್ಯದಲ್ಲಿ ಅದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ಬಾವಿ ನೀರಿನ ಕೆಲಸವನ್ನು ಹಾಗೆಯೇ ಬರೆದು ಕಳುಹಿಸಬಹುದು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಪ್ರಶಸ್ತಿಗೆ ಆಯ್ಕೆಯಾದರೆ ಮಗುವಿನ ಖಾತೆಗೆ ಹತ್ತು ಸಾವಿರ ರೂಪಾಯಿ ಬರುತ್ತದೆ. ಅರ್ಜಿ ಹಾಕಿಸಿ, ಆದರೆ ಅದಕ್ಕಾಗಿ ವರ್ಷ ಕಳೆಯಬೇಡಿ. ಥರ್ಮಾಕೋಲಿನ ಜ್ವಾಲಾಮುಖಿಗಳ ಬಗ್ಗೆ ನನಗೆ ಹೇಳಲು ಒಳ್ಳೆಯದೇನೂ ಇಲ್ಲ. ಸಲಹೆ ಬೇಕಾದರೆ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ‘ಮಕ್ಕಳನ್ನು ನೋಡಲು ಕರೆತರುತ್ತೇವೆ’ ಎಂದು ಬರೆಯಬೇಡಿ. ಮಕ್ಕಳ ಪ್ರಶ್ನೆಗಳನ್ನು ಮೊದಲೇ ಬರೆದು ಕಳುಹಿಸಿ.

ಆಕಾಶ ನೋಡುವ ಆಸೆಯಿದ್ದರೆ ಡಿಸೆಂಬರ್‌ವರೆಗೆ ತಡೆಯಿರಿ. ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬಂದು ಕಂಬದ ನೆರಳು ಮಾಯವಾಗುತ್ತದೆ. ಮಡಿಕೇರಿಯ ಸುತ್ತಮುತ್ತ ಒಮ್ಮೆ ಏಪ್ರಿಲ್ 23ರ ಆಸುಪಾಸು, ಮಧ್ಯಾಹ್ನ ಹನ್ನೆರಡು ಇಪ್ಪತ್ತೈದರ ಹೊತ್ತಿಗೆ. ಆಗ ಶಾಲೆಗೆ ರಜೆ. ಇನ್ನೊಮ್ಮೆ ಆಗಸ್ಟ್‌ನಲ್ಲಿ, ಆಗ ಸೂರ್ಯನಿಗೇ ರಜೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಾತ್ರ ನಮ್ಮ ಪುಣ್ಯ. ಗ್ರಹಣವೆಂಬ ಭಯಕ್ಕೆ ನಲವತ್ತರಲ್ಲಿ ಹನ್ನೊಂದು ಮಕ್ಕಳಷ್ಟೇ ಬಂದಿದ್ದರು. ಕನ್ನಡಕಗಳಿಗಿಂತ ಅವರಿಗೆ ಹಿಡಿಸಿದ್ದು ಸಿಲ್ವರ್ ಓಕ್ ಮರದ ಕೆಳಗಿನ ನೆಲ. ದಿನವೂ ದುಂಡಗೆ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಅಂದು ಬಳೆಗಳಾಗಿದ್ದವು. ಅಡುಗೆಯಕ್ಕ ಮನೆಯಿಂದ ಹೊರಗೆ ಬರುವುದಿಲ್ಲ ಎಂದವರು ತಾವೇ ಬಂದು ಸೆರಗು ಹರಡಿ ಅದರ ಮೇಲೆ ಬಳೆ ಬೀಳಿಸಿಕೊಂಡರು.

ಅಕ್ಕಿ ಮೂಟೆಯ ಕೋಣೆಗಾಗಿ ಜಗಳಕ್ಕೆ ಹೋಗಬೇಡಿ, ಜಗಲಿ ಸಾಕು. ಈ ಸೋಮವಾರ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಯಾರ ಮನೆಯಲ್ಲಿ ಮಳೆ ಬರೆಯುವ ಪುಸ್ತಕ ಇದೆ, ಅದರಲ್ಲಿ ಎಲ್ಲಕ್ಕಿಂತ ಹಳೆಯ ವರ್ಷ ಯಾವುದು? ಮೈಲುತುತ್ತ ವಿಷ, ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಸಿಯೇ ಊಟಕ್ಕೆ ಬಿಡಿ. ಮತ್ತೆ, ಬೋರ್ಡೋ ಪಾಠದ ದಿನ ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ; ನನ್ನ ಎರಡು ಅಂಗಿಗಳು ಇನ್ನೂ ನೀಲಿಯಾಗಿಯೇ ಇವೆ.