ದೇಶದೊಳಗಿನ ಟ್ರಿಪ್‌ಗೂ ಇನ್ಶೂರೆನ್ಸ್ ಬೇಕಾ?

ಪ್ರಶ್ನೆ: ಮೇಡಂ ನಮಸ್ತೆ, ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಟ್ರಿಪ್ ಹೊರಟಿದ್ದೀವಿ, ಫಾರಿನ್ ಅಲ್ಲ, ದೇಶದೊಳಗೇನೇ. ಟಿಕೆಟ್ ಬುಕ್ ಮಾಡೋವಾಗ ಟ್ರಾವೆಲ್ ಇನ್ಶೂರೆನ್ಸ್ ಬೇಕಾ ಅಂತ ಕೇಳ್ತು, ಎಲ್ಲರಿಗೂ ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ ಅಂತ ಬೇಡ ಅಂದೆ. ನಮ್ಮತ್ತೆಗೆ 71 ವರ್ಷ, ಶುಗರ್ ಇದೆ. ತಪ್ಪು ಮಾಡಿದ್ನಾ?

ಉತ್ತರ: ಗಾಬರಿ ಆಗ್ಬೇಡಿ, ಹೊರಡೋಕೆ ಮುಂಚೆ ಬೇರೆಯಾಗಿಯೂ ತಗೋಬಹುದು. ಆದ್ರೆ ತಗೊಳ್ಳೋದಾದ್ರೆ ಬೇಗ ತಗೊಳ್ಳಿ, ಯಾಕಂದ್ರೆ ಚಂಡಮಾರುತ ಬರ್ತಿದೆ ಅಂತ ಸುದ್ದಿ ಬಂದಮೇಲೆ ಓಡಿಹೋಗಿ ಪಾಲಿಸಿ ಮಾಡಿಸಿದ್ರೆ ಆ ಚಂಡಮಾರುತದ ಲೆಕ್ಕದಲ್ಲಿ ಸಾಮಾನ್ಯವಾಗಿ ಏನೂ ಸಿಗಲ್ಲ, ಮೊದ್ಲೇ ಗೊತ್ತಿತ್ತಲ್ಲ ಅಂತಾರೆ.

ಈ ಇನ್ಶೂರೆನ್ಸ್ ಫಾರಿನ್‌ಗೆ ಹೋಗೋರಿಗೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. 1849ರಲ್ಲಿ ಇಂಗ್ಲೆಂಡಲ್ಲಿ ರೈಲ್ವೆ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಕಂಪನಿ ಶುರುವಾದಾಗ ಅವರು ಪಾಲಿಸಿ ಮಾರ್ತಿದ್ದಿದ್ದೇ ಊರಿಂದೂರಿಗೆ ರೈಲಲ್ಲಿ ಓಡಾಡೋರಿಗೆ.

ಆಸ್ಪತ್ರೆ ಬಿಲ್ ವಿಷಯದಲ್ಲಿ ನಿಮ್ಮ ಯೋಚನೆ ಹೆಚ್ಚುಕಮ್ಮಿ ಸರಿ, ಆದ್ರೆ ನೀವು ಹೋಗೋ ಜಾಗದಲ್ಲಿ ನೆಟ್‌ವರ್ಕ್ ಆಸ್ಪತ್ರೆ, ಅಂದ್ರೆ ನಿಮ್ಮ ಹೆಲ್ತ್ ಇನ್ಶೂರೆನ್ಸ್ ಕಂಪನಿ ಜೊತೆ ಒಪ್ಪಂದ ಇರೋ ಆಸ್ಪತ್ರೆ, ಇದೆಯಾ ಅಂತ ಈಗ್ಲೇ ನೋಡಿಟ್ಕೊಳ್ಳಿ. ನಿಜವಾದ ಪೆಟ್ಟು ಬೀಳೋದು ಬಿಲ್‌ನ ಆಚೆ. ನಮ್ಮ ಮಾವನವರು ಟ್ರಿಪ್‌ನ ಎರಡನೇ ದಿನ ಬಾತ್‌ರೂಮಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು, ಆಪರೇಷನ್ ಖರ್ಚೆಲ್ಲ ಹೆಲ್ತ್ ಪಾಲಿಸಿ ಕೊಡ್ತು, ಸರಿ, ಆದ್ರೆ ಕೂರೋಕಾಗದ ಮನುಷ್ಯನ್ನ ಮನೆಗೆ ಹೇಗೆ ಕರ್ಕೊಂಡು ಬರೋದು? ಸ್ಟ್ರೆಚರ್ ಇರೋ ಆಂಬುಲೆನ್ಸ್ ಮಾಡ್ಕೊಂಡು ಇಡೀ ರಾತ್ರಿ ಬಂದ್ವಿ, ಪ್ರತಿ ಗುಂಡಿಗೂ ಅವರು ನನ್ನ ಕೈ ಗಟ್ಟಿಯಾಗಿ ಹಿಡ್ಕೋತಿದ್ರು. ಆ ಖರ್ಚು, ಉಳಿದ ದಿನದ ಹೋಟೆಲ್ ದುಡ್ಡು, ಎಲ್ಲರ ರಿಟರ್ನ್ ಟಿಕೆಟ್, ಎಲ್ಲಾ ನಮ್ಮ ಕೈಯಿಂದಲೇ ಹೋಯ್ತು. ಅದಕ್ಕೇ ಪಾಲಿಸೀಲಿ ಮೊದ್ಲು ನೋಡ್ಬೇಕಾದ್ದು ಮೆಡಿಕಲ್ ಇವ್ಯಾಕ್ಯುಯೇಷನ್‌ಗೆ, ಅಂದ್ರೆ ರೋಗೀನ ಸಾಗಿಸೋ ಖರ್ಚಿಗೆ, ಮತ್ತೆ ಟ್ರಿಪ್ ಅರ್ಧಕ್ಕೆ ನಿಂತ್ರೆ ಏನು ಕೊಡ್ತಾರೆ ಅನ್ನೋದು.

ಅತ್ತೆಯವರ ಶುಗರ್ ಮುಚ್ಚಿಡಲೇಬೇಡಿ. ಮೊದಲಿಂದ ಇರೋ ಕಾಯಿಲೆಯಿಂದ ಬಂದ ತೊಂದ್ರೆನ ಎಷ್ಟೋ ಪಾಲಿಸಿಗಳು ಹೊರಗೆ ಇಟ್ಟಿರ್ತವೆ, ಕೆಲವು ಒಪ್ಕೊಳ್ತವೆ, ಮತ್ತೆ ವಯಸ್ಸಿನ ಮಿತಿ ಬೇರೆ ಇರುತ್ತೆ, ಅದನ್ನ ಕೇಳಿ ಈಮೇಲ್‌ನಲ್ಲೇ ಉತ್ತರ ತಗೊಳ್ಳಿ, ಫೋನಲ್ಲಿ ಹೇಳಿದ್ದು ಕ್ಲೇಮ್ ದಿನ ಉಪಯೋಗಕ್ಕೆ ಬರಲ್ಲ. ಹೋಟೆಲ್, ಟಿಕೆಟ್ ಎಲ್ಲಾ ಪೂರ್ತಿ ರೀಫಂಡ್ ಆಗೋದೇ ಆಗಿದ್ರೆ, ಕಾರಲ್ಲಿ ಎರಡು ದಿನಕ್ಕೆ ಹೋಗಿಬರೋದಾದ್ರೆ, ನಾನಾದ್ರೆ ತಗೊಳ್ಳಲ್ಲ. ಮನಸ್ಸು ಬದಲಾಯ್ತು ಅಂತ ಕ್ಯಾನ್ಸಲ್ ಮಾಡಿದ್ರೂ ಸಾಮಾನ್ಯ ಪಾಲಿಸೀಲಿ ದುಡ್ಡು ಬರಲ್ಲ, ನೆನಪಿರ್ಲಿ.

ಪ್ರಶ್ನೆ: ವಿಮಾನದಲ್ಲಿ ಬಂದ ಸೂಟ್‌ಕೇಸ್‌ನ ಚಕ್ರ ಕಿತ್ತುಹೋಗಿತ್ತು, ಮನೆಗೆ ಬಂದು ನೋಡಿದ್ವಿ. ಇನ್ಶೂರೆನ್ಸ್ ಇದೆ, ಕ್ಲೇಮ್ ಸಿಗುತ್ತಾ?

ಉತ್ತರ: ಕಷ್ಟ, ಆದ್ರೆ ಇವತ್ತೇ ಏರ್‌ಲೈನ್‌ಗೆ ಫೋಟೋ ಸಮೇತ ಬರೆದು ದೂರಿನ ನಂಬರ್ ತಗೊಳ್ಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಬ್ಯಾಗ್‌ಗೆ ಏನು ಹಾನಿಯಾಗಿದೆ ಅಂತ ಬ್ಯಾಗೇಜ್ ಕೌಂಟರ್‌ನಲ್ಲಿ ಬರೆದು ಕೊಡೋ ಪಿಐಆರ್ (ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್) ಇದಕ್ಕೆ ಮುಖ್ಯ, ಅದನ್ನ ಏರ್‌ಪೋರ್ಟ್ ಬಿಡೋಕೆ ಮುಂಚೆ ಬರೆಸ್ಬೇಕು. ಬೋರ್ಡಿಂಗ್ ಪಾಸು, ಬ್ಯಾಗ್‌ಗೆ ಅಂಟಿಸಿದ್ದ ಟ್ಯಾಗು ಕಸಕ್ಕೆ ಹಾಕಿದ್ರೆ ಮೊದ್ಲು ಆ ಬುಟ್ಟೀಲಿ ಹುಡುಕಿ.