ನಮ್ಮ ಮುಖ ಹಿಡಿದು ಬೇರೆಯವರು ಹುಡುಕಿದರೆ?

ಪ್ರಶ್ನೆ: ಮೇಡಂ, ಹೋದ ತಿಂಗಳು ಕಲಬುರಗಿಯಲ್ಲಿ ನಮ್ಮ ತಂಗಿ ಲಗ್ನ ಆಯ್ತು. ಫೋಟೋದವರು ಮಂಟಪದ ಬಾಗಿಲಲ್ಲಿ ಕ್ಯೂಆರ್ ಬೋರ್ಡ್ ಇಟ್ಟಿದ್ರು. ಸ್ಕ್ಯಾನ್ ಮಾಡಿ ಒಂದು ಸೆಲ್ಫಿ ಕೊಟ್ಟರೆ ನಾವಿರೋ ಫೋಟೋ ಎಲ್ಲ ಮೊಬೈಲಿಗೆ ಬರ್ತಾವ. ಎಲ್ಲರೂ ಖುಷಿಪಟ್ಟರು. ಎಂಟು ದಿನದ ಮೇಲೆ ನೋಡಿದ್ರೆ, ಪಿಯುಸಿ ಓದೋ ನನ್ನ ಮಗಳು ಅರಿಶಿಣ ಹಚ್ಚಿಸಿಕೊಳ್ತಿದ್ದ ಫೋಟೋ ಗುರುತಿಲ್ಲದ ಒಂದು ಇನ್‌ಸ್ಟಾಗ್ರಾಂ ಖಾತೆಯಲ್ಲಿ, ಅವಳ ಹೆಸರು ಟ್ಯಾಗ್ ಆಗಿ ಬಂದಿತ್ತು. ಆ ಫೋಟೋ ನಾವು ಯಾರಿಗೂ ಕಳಿಸಿಲ್ಲ. ಇದು ಹ್ಯಾಂಗ ಆಯ್ತು?
– ಒಬ್ಬ ತಾಯಿ, ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಅಕ್ಕಾ, ಮೊದಲು ಮಾಡಬೇಕಾದದ್ದು ಹೇಳ್ತೀನಿ, ಕಾರಣ ಆಮೇಲೆ. ಆ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಖಾತೆಯ ಹೆಸರು, ತಾರೀಖು ಕಾಣಬೇಕು. ಲಿಂಕ್ ಕೂಡ ಕಾಪಿ ಮಾಡಿಟ್ಟುಕೊಳ್ಳಿ. ಅದಾದ ಮೇಲೆ ಮಗಳು ತನ್ನ ಖಾತೆಯಿಂದ ಟ್ಯಾಗ್ ತೆಗೆದು ಪೋಸ್ಟನ್ನು ರಿಪೋರ್ಟ್ ಮಾಡಲಿ. ಯಾರಾದರೂ ಮೆಸೇಜ್ ಮಾಡಿ ಕಾಡಿದರೆ, ಫೋಟೋ ತಿದ್ದಿ ಹಾಕಿದರೆ ತಡ ಮಾಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ನೇರ ಹೋಗಿ. ಮಗಳಿಗೆ ಇನ್ನೂ 18 ತುಂಬಿರದಿದ್ದರೆ ಅದನ್ನು ದೂರಿನಲ್ಲಿ ಬರೆಯಿರಿ. ಮತ್ತೆ ಒಂದು ಮಾತು: ಅವಳನ್ನು ಬೈಯಬೇಡಿ. ಚಿಕ್ಕಮ್ಮನ ಲಗ್ನದಲ್ಲಿ ನಕ್ಕು ನಿಂತದ್ದು ಬಿಟ್ಟು ಅವಳು ಏನೂ ಮಾಡಿಲ್ಲ.

ಇನ್ನು ಹ್ಯಾಂಗ ಆಯ್ತು ಅನ್ನೋದು. ನಿಮ್ಮ ಮನೆಯ ಲಗ್ನದಲ್ಲಿ ಬಳಸಿದ ಆ್ಯಪ್ ನಾನು ನೋಡಿಲ್ಲ. ಆದರೆ ಕಳೆದ ವರ್ಷ ಬೀದರಿನ ಒಂದು ಲಗ್ನದಲ್ಲಿ ಇಂಥದ್ದೇ ಬೋರ್ಡ್ ಕಂಡಾಗ, ಪಕ್ಕದಲ್ಲಿ ಕೂತಿದ್ದ ನಮ್ಮ ಸೋದರ ಸೊಸೆಯನ್ನು ಕೇಳಿ, ಅವಳ ವಾಟ್ಸ್ಆ್ಯಪ್ ಡಿಪಿ ಸೇವ್ ಮಾಡಿಕೊಂಡೆ. ಸೆಲ್ಫಿ ಕೇಳುವ ಜಾಗದಲ್ಲಿ 'ಗ್ಯಾಲರಿ' ಎಂದೂ ಇತ್ತು. ಅಲ್ಲಿಂದ ಆ ಡಿಪಿ ಹಾಕಿದೆ. ಅಕ್ಷತೆ ಹಾಕುವಾಗಿನದು, ಊಟದ ಪಂಕ್ತಿಯದು, ಹಿಂದಿನ ದಿನ ಮನೆಯಂಗಳದ ಹಂದರದಲ್ಲಿ ಹೆಣ್ಣುಮಕ್ಕಳಷ್ಟೇ ಇದ್ದಾಗಿನದು, ಎಲ್ಲವೂ ನನ್ನ ಫೋನಿಗೆ ಇಳಿದವು. ಅವಳ ಮುಖದಲ್ಲಿ ನಗು ನಿಂತುಹೋಯಿತು. "ಹಂಗಾದ್ರೆ ಯಾರು ಬೇಕಾದ್ರೂ ತಗೋಬಹುದಾ ಆಂಟಿ?" ಎಂದಳು. ತಗೋಬಹುದಿತ್ತು. ನಿಮ್ಮಲ್ಲೂ ಹೀಗೇ ಆಗಿರಬಹುದು ಎಂಬುದು ನನ್ನ ಅನುಮಾನ.

ಯಂತ್ರಕ್ಕೆ ನಿಮ್ಮ ಮಗಳು ಯಾರು ಎಂದು ಗೊತ್ತಿಲ್ಲ. ಫೋಟೋದೊಳಗಿನ ಪ್ರತಿ ಮುಖವನ್ನೂ ಅದು ಸಂಖ್ಯೆಗಳ ಒಂದು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಪದ್ಧತಿಯಲ್ಲಿ ಒಂದು ಮುಖಕ್ಕೆ 128 ಸಂಖ್ಯೆ ಸಾಕು. ಹೊಸ ಫೋಟೋ ಕೊಟ್ಟಾಗ ಅದರದ್ದೂ ಸಂಖ್ಯೆ ತೆಗೆದು, ಹತ್ತಿರದ ಸಾಲುಗಳನ್ನು ಹುಡುಕಿ ತಂದಿಡುತ್ತದೆ. ಕೊಟ್ಟವರು ಯಾರು ಎಂದು ಕೇಳುವುದೇ ಇಲ್ಲ. ನನ್ನನ್ನು ಕಾಡುವುದು ಇದೇ. ಪಾಸ್‌ವರ್ಡ್ ಸೋರಿದರೆ ಸಂಜೆಯೊಳಗೆ ಬದಲಿಸಬಹುದು, ಹದಿನೇಳರ ಹುಡುಗಿ ಮುಖ ಎಲ್ಲಿ ಬದಲಿಸಬೇಕು?

ಫೋಟೋದವರಿಗೆ ಇವತ್ತೇ ಫೋನ್ ಮಾಡಿ. ಆ ಲಗ್ನದ ಲಿಂಕ್ ಬಂದ್ ಮಾಡಿ, ಮುಖದ ದತ್ತಾಂಶವನ್ನು ಆ್ಯಪಿನಿಂದ ಅಳಿಸಲು ಹೇಳಿ, ಅಳಿಸಿದ್ದನ್ನು ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಲಿ. ಬಹಳಷ್ಟು ಫೋಟೋದವರು ಒಳ್ಳೆಯ ಹುಡುಗರೇ. ಆ್ಯಪಿನ ಕಂಪನಿ ಏನು ಇಟ್ಟುಕೊಳ್ಳುತ್ತದೆ ಎಂದು ಅವರಿಗೂ ಯಾರೂ ಹೇಳಿರುವುದಿಲ್ಲ. ಮುಂದಿನ ಲಗ್ನಕ್ಕೆ ಮುಂಗಡ ಕೊಡುವಾಗಲೇ ಮಾತಾಡಿ: ಗ್ಯಾಲರಿಯ ಫೋಟೋ ನಡೆಯಬಾರದು, ಆಗಲೇ ತೆಗೆದ ಸೆಲ್ಫಿ ಮಾತ್ರ ಇರಲಿ, ಅರಿಶಿಣದ ಫೋಟೋ ಲಿಂಕಿಗೆ ಹಾಕದೆ ಪೆನ್‌ಡ್ರೈವಿನಲ್ಲಿ ಮನೆಗೆ ಬರಲಿ.

ಕಾನೂನು ನಿಮ್ಮ ಕಡೆ ಇದೆ, ಆದರೆ ಇನ್ನೂ ಪೂರ್ತಿ ಕಾಲೂರಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನ ಮಕ್ಕಳ ದತ್ತಾಂಶ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಒಬ್ಬ ವ್ಯಕ್ತಿ ಮನೆಮಟ್ಟಿಗೆ ಫೋಟೋ ಇಟ್ಟುಕೊಂಡರೆ ಕಾಯ್ದೆ ಅನ್ವಯಿಸದು. ನೀವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೂ ಅದರ ರಕ್ಷಣೆ ಇಲ್ಲ. ಈ ಕೊನೆಯದನ್ನು ಮಗಳಿಗೆ ಕೂರಿಸಿಕೊಂಡು ಹೇಳಿ. ಖಾತೆಯನ್ನು ಪ್ರೈವೇಟ್ ಮಾಡಿಕೊಳ್ಳಲಿ, ತನ್ನ ಒಪ್ಪಿಗೆಯಿಲ್ಲದೆ ಟ್ಯಾಗ್ ಕಾಣದ ಹಾಗೆ ಸೆಟ್ಟಿಂಗ್ಸ್ ಬದಲಿಸಲಿ.

ಪ್ರಶ್ನೆ: ಮೊದಲು ಫೇಸ್‌ಬುಕ್ಕೇ 'ಇವರನ್ನು ಟ್ಯಾಗ್ ಮಾಡ್ತೀರಾ' ಅಂತ ಹೆಸರು ತೋರಿಸ್ತಿತ್ತು. ಈಗ ಇಲ್ಲ. ನಮ್ಮ ಮುಖ ಮರೆತುಬಿಟ್ಟಿದೆಯೇ?
– ಯಾದಗಿರಿಯ ಓದುಗರು

ಉತ್ತರ: ಆ ಸೌಲಭ್ಯ 2010ರ ಕೊನೆಯಲ್ಲಿ ಅಮೆರಿಕದಲ್ಲಿ ಶುರುವಾಗಿ ಮರುವರ್ಷ ಬೇರೆ ದೇಶಗಳಿಗೆ ಬಂತು. 2021ರ ನವೆಂಬರಿನಲ್ಲಿ ಕಂಪನಿ ಅದನ್ನು ನಿಲ್ಲಿಸಿ, 100 ಕೋಟಿಗೂ ಹೆಚ್ಚು ಜನರ ಮುಖದ ಅಚ್ಚುಗಳನ್ನು ಅಳಿಸುವುದಾಗಿ ಹೇಳಿತು. ಅದಕ್ಕೆ ಮುಂಚೆ ಅಮೆರಿಕದ ಇಲಿನಾಯ್ ರಾಜ್ಯದ ಜನ, ತಮ್ಮನ್ನು ಕೇಳದೇ ಕಂಪನಿ ಮುಖದ ಗುರುತು ತೆಗೆದುಕೊಂಡಿತೆಂದು ದಾವೆ ಹೂಡಿ, 65 ಕೋಟಿ ಡಾಲರಿನ ರಾಜಿಗೆ ಒಪ್ಪಿಸಿದ್ದರು. 2024ರಲ್ಲಿ ಟೆಕ್ಸಾಸ್ ಜೊತೆ ಮತ್ತೆ 140 ಕೋಟಿ ಡಾಲರಿನ ರಾಜಿ. ಆದರೆ ಫೋಟೋಗಳು ಅಲ್ಲೇ ಇವೆಯಲ್ಲ. ಕ್ಲಿಯರ್‌ವ್ಯೂ ಎಂಬ ಕಂಪನಿ ಸಾಮಾಜಿಕ ಜಾಲತಾಣಗಳಲ್ಲಿ ಎಲ್ಲರಿಗೂ ಕಾಣುವ ಫೋಟೋಗಳನ್ನು ರಾಶಿರಾಶಿ ಬಾಚಿಕೊಂಡು ತನ್ನದೇ ಹುಡುಕು ಯಂತ್ರ ಕಟ್ಟಿದ್ದು 2020ರಲ್ಲಿ ಬಯಲಾಯಿತು. ಆದ್ದರಿಂದ ಹಳೆಯ ಆಲ್ಬಂಗಳನ್ನು 'ಪಬ್ಲಿಕ್'ನಿಂದ 'ಫ್ರೆಂಡ್ಸ್'ಗೆ ಬದಲಿಸಿ. ಒಂದು ಗಂಟೆಯ ಕೆಲಸ, ಮುಂದೂಡಬೇಡಿ.

ಪ್ರಶ್ನೆ: ನನ್ನ ಹಳೆಯ ಕಾಲೇಜು ಫೋಟೋ, ನನ್ನ ಮಗಳ ಫೋಟೋ ಎರಡನ್ನೂ ತೋರಿಸಿ, ಇಬ್ಬರೂ ಒಬ್ಬರೇನಾ ಅಂತ ಫೋನು ಕೇಳ್ತದೆ. ಹೆದರಿಕೆ ಆಗ್ತದೆ.
– ಬೀದರಿನ ಗೃಹಿಣಿ

ಉತ್ತರ: ರಕ್ತಸಂಬಂಧಿಗಳ ಮುಖದ ಸಂಖ್ಯೆಗಳು ಹತ್ತಿರ ಬರುವುದರಿಂದ ಗೊಂದಲಕ್ಕೆ ಬಿದ್ದು ಕೇಳುತ್ತದೆ. ನೀವು ಹೌದು, ಅಲ್ಲ ಎಂದು ಉತ್ತರಿಸಿದಂತೆ ಗುಂಪುಗಳು ಇನ್ನಷ್ಟು ನಿಖರವಾಗುತ್ತವೆ. ಗೂಗಲ್ ಫೋಟೋಸ್ ಆಗಿದ್ದರೆ ಸೆಟ್ಟಿಂಗ್ಸಿನಲ್ಲಿ ಫೇಸ್ ಗ್ರೂಪಿಂಗ್ ಆಫ್ ಮಾಡಿ; ಆ ಖಾತೆಯಲ್ಲಿ ಮಾಡಿಟ್ಟ ಮುಖದ ಗುಂಪುಗಳೂ ಹೆಸರುಗಳೂ ಅಳಿಯುತ್ತವೆ, ಫೋಟೋಗಳಿಗೆ ಏನೂ ಆಗದು. ಮಗಳಿಗೆ ಬೇರೆ ಫೋನಿದ್ದರೆ ಅದರಲ್ಲೂ ನೋಡಿ. ನಿಮ್ಮ ಕಾಲೇಜಿನ ಫೋಟೋ ಅವಳ ಬಳಿಯೂ ಇರುತ್ತದೆ.